ಗಲಗಲಿಯವರ ಫೋನಿಗೆ ಬಂದ ವಿಮಾನ

"ಎಲ್ಲಿ ಕೆಲಸ ನಿಮಗ?" ಎಂದು ಯಾರಾದರೂ ಕೇಳಿದರೆ ಬಿಂದುಮಾಧವ ಗಲಗಲಿಯವರು ಮೊದಲು ಆಕಾಶವನ್ನೊಮ್ಮೆ ನೋಡುತ್ತಿದ್ದರು. ಆಮೇಲೆ ಕೇಳಿದವರ ಮುಖ ನೋಡಿ, "ನಾವು ವಿಮಾನದವರು" ಎನ್ನುತ್ತಿದ್ದರು.

ಇದು ಸುಳ್ಳೇನಲ್ಲ. ನಾಸಿಕದ ಹತ್ತಿರ ಓಝರ್‌ನಲ್ಲಿ ದೊಡ್ಡದೊಂದು ವಿಮಾನ ಕಾರ್ಖಾನೆ ಇದೆ. ಅದರ ಉಗ್ರಾಣದಲ್ಲಿ ಅವರು ಗುಮಾಸ್ತರು. ನಟ್ಟು, ಬೋಲ್ಟು, ವಾಷರುಗಳನ್ನು ಕೇಳಿದವರಿಗೆ ತೆಗೆದುಕೊಡುವುದು ಅವರ ಕೆಲಸ. ಗಲಗಲಿಯವರು ಸ್ವತಃ ವಿಮಾನ ಹತ್ತಿರಲಿಲ್ಲ. ಆದರೆ ಅವರು ಕೊಟ್ಟ ಬೋಲ್ಟುಗಳು ಹತ್ತಿದ್ದವು, ಮೋಡದಾಚೆಗೂ ಹೋಗಿ ಬಂದಿದ್ದವು. ಬೋಲ್ಟಿನ ಗೌರವದಲ್ಲಿ ಅದನ್ನು ಕೊಟ್ಟವನಿಗೂ ಪಾಲು ಸಲ್ಲಬೇಕೆಂಬುದು ಅವರ ವಾದ. ಹೆಂಡತಿ ನೀರಜಾ ಈ ವಾದಕ್ಕೆ ಎದುರು ಹೇಳುತ್ತಿರಲಿಲ್ಲ, ಹೂಂ ಎನ್ನುತ್ತಲೂ ಇರಲಿಲ್ಲ.

ಇವರ ಒಬ್ಬಳೇ ಮಗಳು ರುಚಿತಾಳನ್ನು ಔರಂಗಾಬಾದಿಗೆ ಕೊಟ್ಟಿದ್ದರು. ಅಳಿಯ ಓಂಕಾರ ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಅವನ ಕನ್ನಡ ಮರಾಠಿಯಲ್ಲಿ ಅದ್ದಿ ತೆಗೆದಂತಿತ್ತು. ಬೀಗರು ಕೃಷ್ಣರಾಜ ಹುನಗುಂದ ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದವರು. ಬ್ಯಾಂಕು ಅವರನ್ನು ಬಿಟ್ಟಿತ್ತು, ಆದರೆ ಮ್ಯಾನೇಜರಿಕೆ ಅವರನ್ನು ಬಿಟ್ಟಿರಲಿಲ್ಲ. ಮನೆಗೆ ಬಂದವರು ಕೂಡಲೋ ಬೇಡವೋ ಎಂದು ಅವರ ಕಣ್ಣು ನೋಡಿ ಕೂಡುತ್ತಿದ್ದರು.

ಈ ಕಥೆ ಶುರುವಾದದ್ದು ಎರಡು ಸಾವಿರದ ಹದಿಮೂರರಲ್ಲಿ, ರುಚಿತಾಳ ಸೀಮಂತದ ದಿನ. ಊಟದ ಪಂಕ್ತಿ ಕೂಡುವ ಹೊತ್ತಿಗೆ ಕೃಷ್ಣರಾಜರು ಕಿಸೆಯಿಂದ ಅಂಗೈಯಗಲದ ಟಚ್ ಫೋನ್ ತೆಗೆದು, ಬೆರಳಿನಿಂದ ಫೋಟೋಗಳನ್ನು ಒಂದೊಂದಾಗಿ ಸರಿಸಿ ಎಲ್ಲರಿಗೂ ತೋರಿಸಿದರು. ಆಮೇಲೆ, "ಬೀಗರ, ನಿಮ್ಮ ಮೊಬೈಲ್ ತಗೀರಿ, ಒಂದು ಮಿಸ್ ಕಾಲ್ ಕೊಡ್ತೀನಿ" ಎಂದರು. ಗಲಗಲಿಯವರು ತೆಗೆದರು. ಅದರ ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಬ್ಯಾಂಡ್ ಹಾಕಿತ್ತು.

"ಏನ್ರಿ ಬೀಗರ," ಕೃಷ್ಣರಾಜರು ಇಡೀ ಪಂಕ್ತಿಗೆ ಕೇಳುವಂತೆ ಅಂದರು, "ವಿಮಾನಕ್ಕೂ ಹಿಂಗ ರಬ್ಬರ್ ಬ್ಯಾಂಡ ಹಾಕ್ತೀರೇನು?"

ಪಂಕ್ತಿ ನಕ್ಕಿತು. ಬಡಿಸುವವರೂ ನಕ್ಕರು. ಗಲಗಲಿಯವರು ಅವತ್ತು ಎರಡನೇ ಹೋಳಿಗೆ ಹಾಕಿಸಿಕೊಳ್ಳಲಿಲ್ಲ. ಅವರ ಚರಿತ್ರೆಯಲ್ಲಿ ಅದು ಮೊದಲ ಸಲ.

ಓಝರ್‌ಗೆ ಮರಳಿದ ಮರುದಿನವೇ ಅವರು ಬೀಗರ ಫೋನಿಗಿಂತ ಒಂದು ಬೆರಳು ದೊಡ್ಡದಾದ ಟಚ್ ಫೋನ್ ತಂದರು. ಹಳೆಯದನ್ನು ರಬ್ಬರ್ ಬ್ಯಾಂಡ್ ಸಮೇತ ಅಂಗಡಿಗೇ ಕೊಟ್ಟುಬಂದರು. ಅಷ್ಟಕ್ಕೇ ಸಮಾಧಾನವಾಗದೆ ಮನೆಯ ಲ್ಯಾಂಡ್‌ಲೈನನ್ನೂ ತೆಗೆಸಿದರು.

"ಅದು ಇರಲಿ ಬಿಡ್ರಿ," ಎಂದರು ನೀರಜಾ. "ಮಗಳ ದಿನಾ ಹತ್ತಿರ ಬಂದಾವ."

"ಮನ್ಯಾಗ ಆನೀ ಕಟ್ಟಿದ ಮ್ಯಾಲೆ ಕತ್ತೀ ಯಾಕ ಬೇಕು?" ಎಂದರು ಗಲಗಲಿಯವರು. ಕತ್ತೆ ಹೋಯಿತು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಿತ್ತು. ಆದರೆ ಬಸ್ಸಿನಲ್ಲಿ ಕುಲುಕಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ರುಚಿತಾ ಔರಂಗಾಬಾದಿನಲ್ಲೇ ಉಳಿದಿದ್ದಳು. ನೋವು ಶುರುವಾದರೆ ಫೋನ್ ಮಾಡುವುದು, ತಾಯಿ ತಂದೆ ಕೂಡಲೇ ಹೊರಟು ಬರುವುದು ಎಂದು ಮಾತಾಗಿತ್ತು. ನೀರಜಾ ಬಾಣಂತಿಗೆಂದು ಅಂಟಿನುಂಡಿ ಕಟ್ಟಿ, ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಮಡಿಚಿ, ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿದ್ದರು. ದಿನಕ್ಕೊಮ್ಮೆ ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಗಲಗಲಿಯವರು ಫೋನಿನ ಗಾಜನ್ನು ಧೋತರದ ಚುಂಗಿನಿಂದ ತಿಕ್ಕಿ ತಿಕ್ಕಿ ಒರೆಸುತ್ತಿದ್ದರು. ತಿಕ್ಕಿದ ಭರದಲ್ಲಿ ಬೆರಳು ಎಲ್ಲಿ ತಾಗಿತೋ ಏನೋ, ಫೋನಿನ ನೆತ್ತಿಯ ಮೂಲೆಯಲ್ಲಿ ಒಂದು ಪುಟ್ಟ ವಿಮಾನ ಮೂಡಿತು.

ಆ ಗುರುತಿನ ಅರ್ಥ ಇಂದು ಶಾಲೆಗೆ ಹೋಗದ ಮಕ್ಕಳಿಗೂ ಗೊತ್ತು. ವಿಮಾನದಲ್ಲಿ ಕೂತಾಗ ಫೋನಿನ ಸಂಪರ್ಕ ಕಡಿದಿಡಲೆಂದು ಮಾಡಿದ ಏರ್ಪಾಡು ಅದು. ಅದು ಇರುವತನಕ ಫೋನ್ ಬರುವುದಿಲ್ಲ, ಹೋಗುವುದಿಲ್ಲ. ಗಲಗಲಿಯವರು ಯಾರನ್ನಾದರೂ ಕೇಳಿದ್ದರೆ ಅಂದೇ ಹೇಳುತ್ತಿದ್ದರು. ಆದರೆ ಅವರಿಗೆ ಕೇಳುವುದು ಒಗ್ಗದು, ಅವರದೇನಿದ್ದರೂ ಹೇಳುವುದೇ.

"ನೀರಜಾ! ಬಾ ಇಲ್ಲೆ! ಫೋನಿಗೆ ವಿಮಾನ ಬಂತು!"

ನೀರಜಾ ಹಿಟ್ಟಿನ ಕೈಯಲ್ಲೇ ಬಂದು ನೋಡಿದರು. "ಏನಿದು?"

"ಗುರುತು. ಫೋನ್ ಯಾರದು ಅಂತ ಫೋನಿಗೆ ಗೊತ್ತಾಗೇದ. ನಾವು ವಿಮಾನದವರು ಅಂತ ಮ್ಯಾಲಿನವರು ತಿಳಿಸಿರಬೇಕು."

"ಯಾವ ಮ್ಯಾಲಿನವರು?"

ಗಲಗಲಿಯವರು ಬೆರಳೆತ್ತಿ ಮೇಲೆ ತೋರಿಸಿದರು. ಮೇಲಿನ ಮಹಡಿಯಲ್ಲಿದ್ದವರು ಚನಬಸಪ್ಪ. ಅವರಂತೂ ಯಾರಿಗೂ ಏನೂ ತಿಳಿಸಿರಲಿಲ್ಲ.

ಗದಗಿನ ಕಡೆಯ ಈ ಚನಬಸಪ್ಪ ಅದೇ ಕಾರ್ಖಾನೆಯಲ್ಲಿ ಗಲಗಲಿಯವರಿಗಿಂತ ಒಂದು ಮೆಟ್ಟಿಲು ಮೇಲಿನ ಹುದ್ದೆಯಲ್ಲಿದ್ದರು. ಅವರ ಗುಂಡಿಗಳ ಫೋನಿನಲ್ಲಿ ವಿಮಾನವಿರಲಿ, ಗಾಳಿಪಟವೂ ಇರಲಿಲ್ಲ. ಗಲಗಲಿಯವರು ಮೆಟ್ಟಿಲಲ್ಲೇ ಅವರನ್ನು ನಿಲ್ಲಿಸಿ ತೋರಿಸಿದರು.

"ನನಗ್ಯಾಕ ಬಂದಿಲ್ರೀ ಇದು?" ಚನಬಸಪ್ಪ ಮುಖ ಸಣ್ಣದು ಮಾಡಿ ಕೇಳಿದರು. "ನಾ ನಿಮಗಿಂತ ಮ್ಯಾಲಿದೀನಿ."

"ಹುದ್ದೆ ನೋಡಿ ಕೊಡೂದಲ್ಲ ಇದು, ಸೇವಾ ನೋಡಿ ಕೊಡೂದು. ಮನಸಿಗೆ ಹಚ್ಚಿಕೋಬ್ಯಾಡ್ರಿ. ನಿಮಗೂ ಬಂದೀತು."

ಚನಬಸಪ್ಪ ಮನಸ್ಸಿಗೆ ಹಚ್ಚಿಕೊಂಡರು. ಮನೆಗೆ ಹೋಗಿ ಹೆಂಡತಿ ಗುಂಡವ್ವನ ಮುಂದೆ, "ಗಲಗಲಿಯವರಿಗೆ ವಿಮಾನ ಬಂತು, ನಮಗ ಬರಲಿಲ್ಲ" ಎಂದಷ್ಟೇ ಹೇಳಿ ಚಹಾ ಕುಡಿಯದೆ ಕೂತರು. ಗುಂಡವ್ವ ಅದನ್ನು ನಳದ ಕಟ್ಟೆಗೆ ಒಯ್ದಳು. ನಳದ ಕಟ್ಟೆಯಿಂದ ಅದು ಹಿಟ್ಟಿನ ಗಿರಣಿಗೆ ಹೋಯಿತು. ಗಿರಣಿಯಿಂದ ಹೊರಬರುವಷ್ಟರಲ್ಲಿ ಗಲಗಲಿಯವರಿಗೆ ಸರ್ಕಾರದಿಂದ ವಿಮಾನದ ಪುಕ್ಕಟೆ ಪಾಸು ಬಂದಿತ್ತು, ಗಂಡ ಹೆಂಡತಿ ಕಾಶಿಗೆ ಹಾರುವವರಿದ್ದರು.

ಹೆದ್ದಾರಿಯ ಪಕ್ಕದಲ್ಲಿ ಉಡುಪಿ ಕಡೆಯ ಹರಿದಾಸರ ಹೋಟೆಲಿತ್ತು. ಗಲಗಲಿಯವರು ಅಲ್ಲಿಗೆ ದಿನವೂ ಹೋಗುವವರೇ. ಅವತ್ತು ಮಾತ್ರ ಹರಿದಾಸರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು.

"ಎಂತ ಗಲಗಲಿಯವ್ರೇ, ನಿಮಗೆ ವಿಮಾನ ಬಂತಂತಲ್ಲ! ಕೂತ್ಕೊಳ್ಳಿ, ಫ್ಯಾನಿನ ಕೆಳಗೆ ಕೂತ್ಕೊಳ್ಳಿ. ಕಾಶಿಗೆ ಹೋದವ್ರು ನಂಗೆ ಒಂದು ಚೊಂಬು ಗಂಗೆ ತರ್ಬೇಕು ಮಾರಾಯ್ರೆ."

"ನೋಡೋಣ" ಎಂದರು ಗಲಗಲಿಯವರು. ಕಾಶಿಯ ಮಾತು ಎಲ್ಲಿಂದ ಬಂತೆಂದು ಅವರಿಗೆ ತಿಳಿಯಲಿಲ್ಲ. ಆದರೆ ಗೌರವ ತಾನಾಗಿ ಬಂದಾಗ ಅದರ ವಿಳಾಸ ವಿಚಾರಿಸುವುದು ಸಭ್ಯತೆಯಲ್ಲ.

ಫೋನಿನ ಪಾಡಿಗೆ ಫೋನ್ ಮೌನವಾಗಿತ್ತು. ಅದರಲ್ಲೂ ಗಲಗಲಿಯವರಿಗೆ ಒಂದು ಘನತೆ ಕಂಡಿತು. ಹಾಡು ಹಾಕಿಸಿಕೊಳ್ಳಿ ಎಂದು ಪೀಡಿಸುವ ಕಂಪನಿಯ ಕರೆಯಿಲ್ಲ, ರಾಂಗ್ ನಂಬರಿಲ್ಲ. "ವಿಮಾನ ಇದ್ದವರಿಗೆ ಹಗಲೆಲ್ಲಾ ತ್ರಾಸ ಕೊಡಬಾರದು ಅಂತ ನೇಮ ಇರಬೇಕು" ಎಂದು ನೀರಜಾಗೆ ವಿವರಿಸಿದರು.

"ರುಚೀದೂ ಫೋನಿಲ್ಲ," ಎಂದರು ನೀರಜಾ. "ಮೊನ್ನೆಯಿಂದ ಇಲ್ಲ. ಒಂದು ಸಲ ನೀವ ಹಚ್ಚಿ ನೋಡ್ರಿ."

ಗಲಗಲಿಯವರು ಹಚ್ಚಿದರು. ಕರೆ ಹೋಗಲಿಲ್ಲ. ಪರದೆಯ ಮೇಲೆ ಒಂದು ಚೌಕ ಮೂಡಿ ಏನೋ ನಾಲ್ಕು ಮಾತು ಇಂಗ್ಲಿಷಿನಲ್ಲಿ ಬಂದವು. ಓದಲು ಚಾಳೀಸು ಬೇಕಿತ್ತು. ಚಾಳೀಸು ಹಾಕಿದರೆ ವಯಸ್ಸಾದಂತೆ ಕಾಣುತ್ತದೆಂದು ಅವರು ಅದನ್ನು ಕಪಾಟಿನಲ್ಲೇ ಇಟ್ಟಿದ್ದರು. ಚೌಕದ ಕೆಳಗೆ 'ಓಕೆ' ಎಂದಿದ್ದದ್ದು ಮಾತ್ರ ದಪ್ಪಗೆ ಕಂಡಿತು. ಒತ್ತಿದರು. ಚೌಕ ಮಾಯವಾಯಿತು. ಮತ್ತೆ ಹಚ್ಚಿದರು, ಮತ್ತೆ ಚೌಕ ಬಂತು, ಮತ್ತೆ ಓಕೆ ಒತ್ತಿದರು.

"ನೆಟ್‌ವರ್ಕ್ ಇಲ್ಲ" ಎಂದು ಕೊನೆಗೆ ತೀರ್ಪು ಕೊಟ್ಟರು.

ಅಲ್ಲಿಂದ ನೆಟ್‌ವರ್ಕಿನ ಶೋಧ ಶುರುವಾಯಿತು. ಗಲಗಲಿಯವರು ಮೊದಲು ಅಂಗಳದಲ್ಲಿ ಹುಡುಕಿದರು, ಆಮೇಲೆ ಗಚ್ಚಿಯ ಮೇಲೆ. ಆಮೇಲೆ ಗಚ್ಚಿಯ ಮೇಲಿನ ನೀರಿನ ಟಾಕಿ ಹತ್ತಿ, ಫೋನನ್ನು ಆರತಿಯಂತೆ ನಾಲ್ಕೂ ದಿಕ್ಕಿಗೆ ಬೆಳಗಿದರು. ಕೆಳಗಿಂದ ನೋಡಿದ ಗುಂಡವ್ವ ಒಳಗೆ ಓಡಿದಳು: "ರೀ, ಬರ್ರೀ! ಗಲಗಲಿಯವರು ವಿಮಾನ ಕರೀಲಿಕ್ಕ ಹತ್ಯಾರ!" ಚನಬಸಪ್ಪ ಹೊರಗೆ ಬರಲಿಲ್ಲ. ಕಿಟಕಿಯಿಂದ ನೋಡಿದರು.

ಟಾಕಿಯಿಂದ ಇಳಿದ ಮೇಲೆ ಫೋನಿನ ಬ್ಯಾಟರಿ ತೆಗೆದು ಹಾಕಿದರು, ಸಿಮ್ ತೆಗೆದು ಊದಿ ಹಾಕಿದರು. ಫೋನ್ ಬಂದ್ ಆಗಿ ಮತ್ತೆ ಚಾಲೂ ಆಯಿತು. ಎಲ್ಲವೂ ಹೊಸದಾಗಿ ಬಂದವು, ವಿಮಾನವೂ ಬಂತು. ಅದನ್ನು ನೋಡಿ ಗಲಗಲಿಯವರಿಗೆ ಸಮಾಧಾನವಾಯಿತು. ನೆಟ್‌ವರ್ಕ್ ಹೋದರೂ ವಿಮಾನ ಉಳಿದಿತ್ತು.

"ಹರಿದಾಸರ ಹೋಟೆಲಿಂದ ಒಂದು ಫೋನ್ ಮಾಡ್ರಿ, ಮುಗೀತಲ್ಲ," ಎಂದರು ನೀರಜಾ.

ಗಲಗಲಿಯವರು ಹೆಂಡತಿಯನ್ನು ಕರುಣೆಯಿಂದ ನೋಡಿದರು. "ಫ್ಯಾನಿನ ಬುಡಕ ಕೂಡಿಸಿ ಕಾಫಿ ಕೊಟ್ಟಾರ ನನಗ. ಇಂಥಾ ಫೋನ್ ಇಟಗೊಂಡು, 'ಹರಿದಾಸರ, ಒಂದು ಫೋನ್ ಮಾಡ್ಲಿಕ್ಕೆ ಕೊಡ್ರಿ' ಅನ್ನಲ್ಯಾ? ನಾಳೆ ಮಾರಿ ಹೆಂಗ ತೋರಸಲಿ?"

ಅವರು ಮೊಬೈಲ್ ಅಂಗಡಿಗೆ ಹೋದರು. ಅಂಗಡಿಯವ, "ಕಾಯ್ ಝಾಲಂ, ಕಾಕಾ?" ಎಂದು ಏನಾಯಿತೆಂದು ವಿಚಾರಿಸುತ್ತ ಫೋನಿಗಾಗಿ ಕೈಚಾಚಿದ. ಗಲಗಲಿಯವರು ಫೋನನ್ನು ಎದೆಗೆ ಅವಚಿಕೊಂಡು, ಇದು ವಿಮಾನದ ಫೋನು, ಹೊರಗಿನವರು ಕೈಹಚ್ಚುವಂತಿಲ್ಲ, ದೂರದಿಂದಲೇ ಔಷಧ ಹೇಳು ಎಂದು ಮರಾಠಿಯಲ್ಲಿ ತಿಳಿಸಿದರು. ಅಂಗಡಿಯವ ಅವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ. ಮುಟ್ಟದ ಫೋನಿಗೆ ಜಗತ್ತಿನ ಎಲ್ಲ ಅಂಗಡಿಯವರೂ ಹೇಳುವ ಮಾತನ್ನೇ ಅವನೂ ಹೇಳಿದ: "ಟವರ್‌ಚಾ ಪ್ರಾಬ್ಲೆಮ್ ಆಹೇ. ಹೈವೇಲಾ ಜಾ."

ಗಲಗಲಿಯವರು ಹೈವೇಗೆ ಹೋದರು.

ಅಲ್ಲಿ ರಸ್ತೆಯ ಅಂಚಿನಲ್ಲಿ ನಿಂತು ಫೋನ್ ಹಿಡಿದ ಕೈಯನ್ನು ನೆಟ್ಟಗೆ ಮೇಲೆತ್ತಿದರು. ಬರುತ್ತಿದ್ದ ಕೆಂಪು ಬಸ್ಸು ಕಿರ್ರನೆ ನಿಂತಿತು. ಕಂಡಕ್ಟರ್ ಬಾಗಿಲು ತೆಗೆದು, "ಎಲ್ಲಿಗೆ?" ಎಂದ. ಎಲ್ಲಿಗೂ ಇಲ್ಲ ಎಂದರು ಗಲಗಲಿಯವರು. ಹಾಗಾದರೆ ಕೈ ಯಾಕೆ ಮಾಡಿದಿರಿ ಎಂದು ಅವನು ಕೇಳಿದ. ನೆಟ್‌ವರ್ಕಿಗೆ ಎಂದರು. ಕಂಡಕ್ಟರ್ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಬಸ್ಸು ಹೋಯಿತು. ಕೈ ಮತ್ತೆ ಮೇಲಾಯಿತು. ಇನ್ನೊಂದು ಬಸ್ಸು ನಿಂತಿತು.

ಬಸ್ಸುಗಳು ಹೀಗೆ ಒಂದಾದ ಮೇಲೊಂದು ನಿಲ್ಲುವುದನ್ನು ಕಂಡು ಮೆಂತ್ಯೆಯ ಹೊರೆ ಹೊತ್ತ ಒಬ್ಬಾಕೆ ಅಲ್ಲಿ ಬಂದು ನಿಂತಳು. ಕಾಲೇಜಿನ ಹುಡುಗಿಯರು ಬಂದರು. ಕೊನೆಗೆ ಒಬ್ಬ ರಿಕ್ಷಾದವನೂ ಬಂದು, ಇನ್ನು ಮುಂದೆ ಇಲ್ಲಿ ಸ್ಟಾಪ್ ಆಯಿತಂತೆ ಎಂದು ತನ್ನ ಗಾಡಿ ಹಚ್ಚಿದ. ಗಲಗಲಿಯವರು ಮಾತ್ರ ಯಾರ ಕಡೆಗೂ ನೋಡದೆ ಕೈಯೆತ್ತಿ ನಿಂತೇ ಇದ್ದರು.

ಇತ್ತ ನೀರಜಾ ಹರಿದಾಸರ ಹೋಟೆಲಿಗೆ ಹೋಗಿದ್ದರು. ಗಂಡನ ಮಾನ ಅವರಿಗೂ ದೊಡ್ಡದೇ, ಆದರೆ ಮಗಳಿಗಿಂತ ದೊಡ್ಡದಲ್ಲ. ರುಚಿತಾಳ ನಂಬರು ಅವರಿಗೆ ಬಾಯಿಪಾಠವಿತ್ತು. ಹರಿದಾಸರೇ ಹಚ್ಚಿ ಕೊಟ್ಟರು. ಸ್ವಿಚ್ ಆಫ್ ಎಂದು ಬಂತು. ಮತ್ತೆ ಹಚ್ಚಿದರು, ಅದೇ ಬಂತು.

"ಅಮ್ಮ, ಹೆದರ್ಬೇಡಿ," ಎಂದರು ಹರಿದಾಸರು. "ಆಸ್ಪತ್ರೆಯಲ್ಲಿ ಫೋನ್ ಬಂದ್ ಮಾಡಿಸ್ತಾರೆ. ಒಳ್ಳೇದೇ ಆಗಿರ್ಬೇಕು." ಹೇಳುತ್ತಾ ಅವರು ತಾವೇ ಹೆದರಿದಂತೆ ಕಂಡರು.

ಆಸ್ಪತ್ರೆ ಎಂಬ ಮಾತು ಕೇಳಿದ್ದೇ ನೀರಜಾ ಮನೆಗೆ ಬಂದು, ಬಾಗಿಲ ಹಿಂದಿನ ಚೀಲ ಎತ್ತಿಕೊಂಡು, ಮನೆಗೆ ಕೀಲಿ ಹಾಕಿ ನೇರ ಹೈವೇಗೆ ನಡೆದರು. ಅಷ್ಟರಲ್ಲಿ ಗಲಗಲಿಯವರ ಕೈಗೆ ಮತ್ತೊಂದು ಬಸ್ಸು ಬಲಿಯಾಗಿತ್ತು. ಅದರ ಹಣೆಯ ಮೇಲೆ 'ವೈಜಾಪುರ' ಎಂದಿತ್ತು. ಔರಂಗಾಬಾದಿಗೆ ಹೋಗುವ ದಾರಿಯ ಊರು.

"ಹತ್ತರಿ," ಎಂದರು ನೀರಜಾ.

"ಎಲ್ಲಿಗೆ?"

"ಮಗಳ ಕಡೆ. ಬಸ್ಸು ನೀವ ನಿಲ್ಲಿಸೀರಿ. ಈಗ ನೀವ ಹತ್ತಲಿಲ್ಲ ಅಂದ್ರ ಆ ಕಂಡಕ್ಟರ್ ಇಳದು ಬರತಾನ ನೋಡ್ರಿ."

ಕಂಡಕ್ಟರ್ ನಿಜಕ್ಕೂ ಒಂದು ಕಾಲು ಕೆಳಗಿಟ್ಟಿದ್ದ. ಗಲಗಲಿಯವರು ಮನೆಯ ಪೈಜಾಮಾ, ಹವಾಯಿ ಚಪ್ಪಲಿಗಳಲ್ಲೇ ಬಸ್ಸು ಹತ್ತಿದರು. ಮೆಂತ್ಯೆಯಾಕೆಯೂ ಹತ್ತಿದಳು.

ಅತ್ತ ಔರಂಗಾಬಾದಿನಲ್ಲಿ ಏನಾಗಿತ್ತು ಎಂಬುದನ್ನೂ ಹೇಳಬೇಕು. ಡಾಕ್ಟರು ಹೇಳಿದ ದಿನಕ್ಕಿಂತ ಕೆಲವು ದಿನ ಮುಂಚೆಯೇ ರುಚಿತಾಳಿಗೆ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದರು. ಕೃಷ್ಣರಾಜರು ಬೀಗರಿಗೆ ಫೋನ್ ಹಚ್ಚಿದರು: ಸ್ವಿಚ್ ಆಫ್. ಕೂಸು ಹುಟ್ಟಿದ ಮೇಲೆ ಹಚ್ಚಿದರು: ಸ್ವಿಚ್ ಆಫ್. ಮನೆಯ ಹಳೆಯ ಲ್ಯಾಂಡ್‌ಲೈನಿಗೆ ಹಚ್ಚಿದರೆ ಅಂಥ ನಂಬರೇ ಇಲ್ಲವೆಂದು ಒಬ್ಬ ಹೆಂಗಸು ಸಾರಿ ಸಾರಿ ಹೇಳಿದಳು. ಕೃಷ್ಣರಾಜರಿಗೆ ಎಲ್ಲ ಅರ್ಥವಾಯಿತು. ಸೀಮಂತದ ದಿನ ಎರಡನೇ ಹೋಳಿಗೆ ಬೇಡವೆಂದದ್ದು, ಮುಖ ಊದಿಸಿಕೊಂಡು ಬಸ್ಸು ಹತ್ತಿದ್ದು, ಈಗ ಫೋನುಗಳನ್ನೇ ಕಡಿಸಿ ಕೂತದ್ದು.

"ನಮ್ಮ ಮ್ಯಾಲಿನ ಸಿಟ್ಟಿಗೆ ಮಗಳ ಬಾಳಂತನಕ್ಕೂ ಬರೂದಿಲ್ಲಂದ್ರ ಏನರ್ಥ? ನಾನ ಹೋಗಿ ಕೇಳ್ತೀನಿ!" ಎಂದು ಮಗನಿಗೆ ಹೇಳಿ ನಾಸಿಕದ ಬಸ್ಸು ಹತ್ತಿದರು. ಎಷ್ಟು ಸಿಟ್ಟಿದ್ದರೂ ಪದ್ಧತಿ ಬಿಡಬಾರದೆಂದು ಕೈಯಲ್ಲಿ ಒಂದು ಮಿಠಾಯಿ ಡಬ್ಬಿ ಹಿಡಿದಿದ್ದರು. ಬಸ್ಸಿನಲ್ಲೂ ಬೀಗರಿಗೆ ಫೋನ್ ಹಚ್ಚುತ್ತಲೇ ಇದ್ದರು.

ಎರಡು ಬಸ್ಸುಗಳು ಎರಡು ದಿಕ್ಕಿನಿಂದ ಬಂದು ವೈಜಾಪುರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ನಿಂತವು. ಒಂದರಿಂದ ಗಲಗಲಿಯವರು ಫೋನನ್ನು ಮೇಲೆತ್ತಿ ಹಿಡಿದು ಇಳಿದರು. ಇನ್ನೊಂದರಿಂದ ಕೃಷ್ಣರಾಜರು ಚಹಾಕ್ಕೆಂದು ಇಳಿದರು. ಚಹಾದ ಗಾಡಿಯ ಮುಂದೆ ಬೀಗರಿಬ್ಬರೂ ಎದುರುಬದುರಾದರು.

ಕೃಷ್ಣರಾಜರ ಕಣ್ಣು ಮೊದಲು ಬಿದ್ದದ್ದು ಫೋನಿನ ಮೇಲೆ. ದೀಪ ಉರಿಯುತ್ತಿದ್ದ ಫೋನು, ಜೀವಂತ.

"ಬಂದ್ ಇಲ್ಲಲ್ಲಾ ಇದು!" ಎಂದು ಗುಡುಗಿದರು. "ಚಾಲೂ ಇಟಗೊಂಡು ನಮ್ಮ ಫೋನ್ ಎತ್ತೂದಿಲ್ಲ ಅಂದ್ರ ಏನ್ರಿ ನಿಮ್ಮ ಲೆಕ್ಕ?"

"ಯಾವ ಫೋನು? ಒಂದರ ಬಂದದೇನ್ರಿ ನಿಮ್ಮ ಫೋನು?" ಗಲಗಲಿಯವರೂ ದನಿ ಏರಿಸಿದರು. "ಮಗಳ ಸುದ್ದಿ ಹೇಳ್ಲಿಕ್ಕೆ ನಿಮಗ ಬೆರಳು ನೋಯ್ತಾವೇನು?"

"ನನಗ? ಬೆರಳು? ನೋಡ್ರಿ ಈ ಬೆರಳು! ನಿಮಗ ಫೋನ್ ಹಚ್ಚಿ ಹಚ್ಚಿ ಸವದು ಹೋಗೇದ!"

"ಸೀಮಂತದಾಗ ನಮ್ಮ ಫೋನಿಗೆ ನಕ್ಕವರು ನೀವು!"

"ನಕ್ಕೆ! ಬೀಗರ ಹತ್ತಿರ ನಗಬಾರದ? ಮತ್ಯಾರ ಹತ್ತಿರ ನಗಲಿ, ಕಂಡಕ್ಟರನ ಹತ್ತಿರ?"

ಎರಡೂ ಬಸ್ಸುಗಳ ಪ್ರಯಾಣಿಕರು ಚಹಾದ ಕಪ್ಪು ಹಿಡಿದು ಸುತ್ತ ನೆರೆದರು. ಭಾಷೆ ತಿಳಿಯದವರಿಗೂ ಇದು ಬೀಗರ ಜಗಳವೆಂದು ತಿಳಿಯಿತು. ಒಬ್ಬ ಮುದುಕನಂತೂ ಗಲಗಲಿಯವರ ಕಡೆ ನಿಂತುಬಿಟ್ಟ. ಹೆಣ್ಣಿನ ಕಡೆಯವರು ಎಂದು ಪೈಜಾಮಾ ನೋಡಿ ಗುರುತಿಸಿದನಂತೆ.

ನೀರಜಾ ಇಬ್ಬರನ್ನೂ ನೋಡಲಿಲ್ಲ. ಅವರು ನೋಡಿದ್ದು ಡಬ್ಬಿಯನ್ನು.

"ರಾಯರ, ಅದರಾಗ ಏನದ?"

"ತಡೀರಿ ವೈನಿ. ಮೊದಲ ಇವರು ಉತ್ತರಾ ಕೊಡಲಿ, ಆಮ್ಯಾಲೆ ಡಬ್ಬಿ."

ನೀರಜಾ ತಡೆಯಲಿಲ್ಲ. ಕೃಷ್ಣರಾಜರ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ತೆರೆದರು. ಒಳಗೆ ಬರ್ಫಿ ಇತ್ತು. ಗಂಡಾದರೆ ಪೇಢೆ, ಹೆಣ್ಣಾದರೆ ಬರ್ಫಿ ಹಂಚುವುದು ಆ ಸೀಮೆಯ ರೂಢಿ.

"ಹೆಣ್ಣು!" ಎಂದರು ನೀರಜಾ. ಅವರ ಕಣ್ಣು ತುಂಬಿಬಂತು. "ರುಚಿ ಆರಾಮ ಇದ್ದಾಳೇನ್ರಿ?"

"ಇಬ್ಬರೂ ಆರಾಮ," ಎಂದರು ಕೃಷ್ಣರಾಜರು. ದನಿ ತಾನಾಗಿ ಇಳಿಯಿತು. "ಕೂಸು ಥೇಟ ನಿಮ್ಮ ಮಾರಿ ತಗೊಂಡು ಬಂದದ." ಮರುಕ್ಷಣವೇ ತಾವು ಸಿಟ್ಟಿನಲ್ಲಿದ್ದದ್ದು ನೆನಪಾಗಿ ಮತ್ತೆ ಏರಿಸಿದರು. "ಆದ್ರ ಬೀಗರದು ಮಾತ್ರ ನಾ ಬಿಡೂದಿಲ್ಲ!"

ನೆರೆದ ಜನಕ್ಕೆ ನೀರಜಾ ಬರ್ಫಿ ಹಂಚಿದರು. ಜನ ಬಾಯಿ ಸಿಹಿಮಾಡಿಕೊಂಡು ಜಗಳದ ಉಳಿದ ಭಾಗಕ್ಕೆ ಕಾದರು.

"ಫೋನಿನದು ತಪ್ಪಿಲ್ಲ, ನೆಟ್‌ವರ್ಕಿನದು ತಪ್ಪು," ಎಂದು ಗಲಗಲಿಯವರು ಫೋನನ್ನು ಬೀಗರ ಮುಂದೆ ಹಿಡಿದರು. "ಇಂಥಾ ಫೋನಿಗೆ ಎಂದೂ ಹಿಂಗಾಗಬಾರದು. ನೋಡ್ರಿ, ವಿಮಾನ ಅದ."

ಕೃಷ್ಣರಾಜರು ಬಾಗಿ ನೋಡಿದರು. ತಮ್ಮ ಫೋನಿನಲ್ಲಿ ಅವರು ಅದನ್ನು ಎಂದೂ ಕಂಡಿರಲಿಲ್ಲ. ಆದರೆ ಮ್ಯಾನೇಜರಾದವರು ಕಂಡಿಲ್ಲ ಎನ್ನುವಂತಿಲ್ಲ. "ಹೂಂ... ವಿಮಾನ," ಎಂದರು ತೂಕವಾಗಿ. "ಇದು... ಹೊಸಾ ಮಾಡೆಲ್‌ಗೆ ಬರತದ."

ಆಗ ನೀರಜಾ ಚೀಲದಿಂದ ತಮ್ಮ ಚಾಳೀಸು ತೆಗೆದು ಹಾಕಿಕೊಂಡು, ಗಂಡನ ಕೈಯಿಂದ ಫೋನ್ ತೆಗೆದುಕೊಂಡರು. ಅಳಿಯನ ಹೆಸರು ಒತ್ತಿದರು. ಚೌಕ ಮೂಡಿತು. ನೀರಜಾ ಅದನ್ನು ಓದಿದರು.

"'ಫೋನ್ ಮಾಡಬೇಕಂದ್ರ ಮೊದಲ ವಿಮಾನ ಬಂದ್ ಮಾಡ್ರಿ' ಅಂತ ಬರದದ ಇಲ್ಲೆ."

ಬಾಗಿದ್ದ ಕೃಷ್ಣರಾಜರು ನೆಟ್ಟಗೆ ನಿಂತರು.

"ಇದು ಎಷ್ಟು ಸಲ ಬಂದಿತ್ರಿ?" ನೀರಜಾ ಮೆಲ್ಲಗೆ ಕೇಳಿದರು.

"ಪ್ರತೀ ಸಲಾ ಬರತದ."

"ನೀವೇನ ಮಾಡಿದ್ರಿ?"

"ಓಕೆ ಅಂದೆ."

ನೀರಜಾ ವಿಮಾನದ ಗುರುತು ಹುಡುಕಿ ಒತ್ತಿದರು. ಓಝರ್‌ನ ಬೀದಿಯನ್ನೆಲ್ಲ ಕಾಶಿಗೆ ಹೊರಡಿಸಿದ ಆ ಪುಟ್ಟ ವಿಮಾನ ಸದ್ದಿಲ್ಲದೆ ಹೋಯಿತು. ಅದರ ಜಾಗದಲ್ಲಿ ಸಣ್ಣ ಸಣ್ಣ ಗೆರೆಗಳು ಎದ್ದು ನಿಂತವು. ಮರುಗಳಿಗೆ ಫೋನ್ ಚಳಿಜ್ವರ ಬಂದವರಂತೆ ನಡುಗತೊಡಗಿತು. ಕೃಷ್ಣರಾಜರು ಹಚ್ಚಿದ ಕರೆಗಳ ಸುದ್ದಿ, ಓಂಕಾರ ಹಚ್ಚಿದ ಕರೆಗಳ ಸುದ್ದಿ, ಹಾಡು ಹಾಕಿಸಿಕೊಳ್ಳಿ ಎನ್ನುವ ಕಂಪನಿಯ ಸುದ್ದಿ, ಎಲ್ಲ ಒಂದರ ಮೇಲೊಂದು ಬಿದ್ದವು. ಅದು ನಡುಗುವುದನ್ನು ನಿಲ್ಲಿಸುವ ಮೊದಲೇ ಗಂಟೆ ಬಾರಿಸಿತು. ಓಂಕಾರನ ಫೋನು. ನೀರಜಾ ಅದನ್ನು ಎಲ್ಲರಿಗೂ ಕೇಳುವಂತೆ ಇಟ್ಟರು.

"ಹಲೋ, ಮಾವ? ಏಕದಾಚೆ ಸಿಕ್ಕರಿ ಅಂತೂ! ಅಪ್ಪಾ ನಿಮ್ಮ ಕಡೆ ನಿಘಾಲೇತ್, ಅಂದ್ರ ಹೊಂಟಾರ. ನಾ ಸಾರಖಾ, ಒಂದ ಸವನ ಫೋನ್ ಮಾಡ್ಲಿಕತ್ತೀನಿ, ಅವರ ಫೋನ್ ಸ್ವಿಚ್ ಆಫ್ ಬರ್ಲಿಕತ್ತದ! ಭಾಂಡಣ, ಅಂದ್ರ ಜಗಳಾ ಮಾಡ್ತಾರೋ ಏನೋ ಅಂತ ರುಚಿತಾ ಕಾಳಜಿ ಮಾಡ್ಲಿಕತ್ತಾಳ."

ಕೃಷ್ಣರಾಜರು ತಮ್ಮ ಕಿಸೆಯಿಂದ ಫೋನ್ ತೆಗೆದರು. ಬೀಗರಿಗೆ ಹಚ್ಚಿ ಹಚ್ಚಿ ಅದರ ಬ್ಯಾಟರಿ ತೀರಿ ಯಾವಾಗಲೋ ಕಪ್ಪಾಗಿತ್ತು. ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಬೀಗರ," ಎಂದರು ಗಲಗಲಿಯವರು, ಆದಷ್ಟು ಮೆತ್ತಗೆ. "ನಿಮ್ಮ ಫೋನ್ ಬಂದ್ ಅದಂತ."

ಕೃಷ್ಣರಾಜರು ಫೋನನ್ನು ಮೆಲ್ಲಗೆ ಕಿಸೆಗೆ ಇಳಿಸಿದರು. ಆಮೇಲೆ ಚಹಾದವನ ಕಡೆ ತಿರುಗಿ, "ಮೂರು ಕಪ್ಪು," ಎಂದರು.

ಮೂವರೂ ಔರಂಗಾಬಾದಿನ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಒತ್ತಿ ಕೂತರು. ಇಬ್ಬರ ಫೋನಿನ ಮಾತನ್ನೂ ಯಾರೂ ಎತ್ತಲಿಲ್ಲ. ಕೃಷ್ಣರಾಜರು ದಾರಿಯುದ್ದಕ್ಕೂ ಕೂಸಿನ ಮೂಗು, ಕೂಸಿನ ಕಿವಿ, ಕೂಸು ಆಕಳಿಸುವ ಬಗೆ ಇವುಗಳನ್ನೇ ವರ್ಣಿಸಿದರು. ಗಲಗಲಿಯವರು ನಡುನಡುವೆ, "ಹೌದೇನು? ಹೌದೇನು?" ಎಂದು ಕೇಳುತ್ತಿದ್ದರು.

ಆಸ್ಪತ್ರೆಯಲ್ಲಿ ರುಚಿತಾ ಮಂಚದ ಮೇಲೆ ಒರಗಿ ಕೂತಿದ್ದಳು. ಒಬ್ಬರನ್ನೊಬ್ಬರು ಕೊಲ್ಲದೆ ಬಂದ ಇಬ್ಬರು ತಂದೆಯರನ್ನೂ ಕಂಡು ಮೊದಲು ಅತ್ತಳು, ಆಮೇಲೆ ಅಪ್ಪನ ಪೈಜಾಮಾ ನೋಡಿ ನಕ್ಕಳು. ನೀರಜಾ ಮಗಳ ತಲೆ ನೇವರಿಸಿ, ಏನೂ ಕೇಳದೆ, ಚೀಲದಿಂದ ಒಂದು ಅಂಟಿನುಂಡಿ ತೆಗೆದು ಅವಳ ಬಾಯಿಗಿಟ್ಟರು.

ನರ್ಸು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿ ತಂದು, "ಆಜೋಬಾ, ಬಸಾ ಇಥೇ" ಎಂದು ಅಜ್ಜನಾದ ಗಲಗಲಿಯವರನ್ನು ಕುರ್ಚಿಯಲ್ಲಿ ಕೂಡಿಸಿದಳು. ಅವರ ಎರಡೂ ಕೈಗಳು ಗಾಳಿಯಲ್ಲೇ ನಿಂತವು.

"ಹೆಂಗ ಹಿಡೀಲ್ರಿ, ಬೀಗರ?" ಎಂದು ಕೇಳಿದರು.

"ತಲೀ ಬುಡಕ ಒಂದು ಕೈ. ಹಾಂ. ಇನ್ನೊಂದು ಕೈ ಕೆಳಗ. ಎದಿಗೆ ಹಚ್ಚಿಕೊಳ್ರಿ, ಹಂಗ," ಎಂದು ಕೃಷ್ಣರಾಜರು ಬ್ಯಾಂಕಿನ ಹೊಸ ಗುಮಾಸ್ತನಿಗೆ ಕಲಿಸಿದಂತೆ ಕಲಿಸಿದರು. ಅವರಿಗೂ ಅದು ಆ ಬೆಳಿಗ್ಗೆಯಷ್ಟೇ ಬಂದ ವಿದ್ಯೆ.

ಮೊಮ್ಮಗಳು ಅಜ್ಜನ ಎದೆಯ ಮೇಲೆ, ಅಂಗಿಯ ಕಿಸೆಯ ಮೇಲೆ ಸರಿಯಾಗಿ ಒರಗಿ ಕಣ್ಣು ಮುಚ್ಚಿದಳು. ಒಂದು ಆಕಳಿಕೆ ತೆಗೆದಳು. ಅದು ಕೃಷ್ಣರಾಜರು ವರ್ಣಿಸಿದಂತೆಯೇ ಇತ್ತು. ಗಲಗಲಿಯವರು ಉಸಿರು ಬಿಗಿಹಿಡಿದು ಕೂತರು. ಆಮೇಲೆ ಬೆಚ್ಚಗೆ ಏನೋ ಇಳಿಯತೊಡಗಿತು. ಅಂಗಿ ತೋಯಿತು, ಕಿಸೆ ತೋಯಿತು. ಕಿಸೆಯೊಳಗೆ ಫೋನ್ ಒಮ್ಮೆ ನಡುಗಿತು, ಕಿರ್ರೆಂದಿತು, ಕಪ್ಪಾಯಿತು.

"ಅಯ್ಯ, ರೀ! ಫೋನ್! ಕಿಸೇದಾಗ ಫೋನ್ ಅದ! ತಗೀರಿ ಲಗೂನ!" ಎಂದು ನೀರಜಾ ಓಡಿಬಂದರು.

ಗಲಗಲಿಯವರು ಅಲುಗಾಡಲಿಲ್ಲ. ಹೆಂಡತಿಯ ಕಡೆ ಕಣ್ಣು ದೊಡ್ಡದು ಮಾಡಿ, ತುಟಿಯಷ್ಟೇ ಆಡಿಸಿ ಹೇಳಿದರು:

"ಸುಮ್ಮನಿರು. ಆಕಿಗೆ ಎಚ್ಚರಾಗ್ತದ."